ಸಹಾಯ ಬೇಕು: ಜಿರ್ಕೋನಿಯಾ ಸೆಲ್‌ನ ವೋಲ್ಟೇಜ್ ಸ್ಥಿರ ಆಗ್ತಾ ಇಲ್ಲ

ನಮಸ್ಕಾರ. ಮಂಗಳೂರಿನಲ್ಲಿ ಪಿಎಚ್‌ಡಿ ಮಾಡ್ತಾ ಇದ್ದೇನೆ. ಫೆರೈಟ್‌ನ (ಕಬ್ಬಿಣ ಇರುವ ಆಕ್ಸೈಡ್) ಗಿಬ್ಸ್ ಶಕ್ತಿ, ಅಂದರೆ ಅದು ಎಷ್ಟು ಸ್ಥಿರ ಅಂತ ಹೇಳುವ ಶಕ್ತಿಯ ಲೆಕ್ಕ, ಸೆಲ್‌ನ ವೋಲ್ಟೇಜ್‌ನಿಂದ ಅಳೆಯಬೇಕು. ಅದಕ್ಕೆ ಮೊದಲು ಸೆಲ್ ಸರಿ ಉಂಟಾ ಅಂತ ಗೊತ್ತಿರುವ ಜೋಡಿಯಲ್ಲಿ ನೋಡ್ತಾ ಇದ್ದೇನೆ: ಒಂದು ಬದಿ ನಿಕಲ್–ನಿಕಲ್ ಆಕ್ಸೈಡ್, ಇನ್ನೊಂದು ಬದಿ ತಾಮ್ರ–ಕ್ಯುಪ್ರಸ್ ಆಕ್ಸೈಡ್, ನಡುವೆ ಇಟ್ರಿಯಾ ಸೇರಿಸಿದ ಜಿರ್ಕೋನಿಯಾ ಬಿಲ್ಲೆ (ಬಿಸಿಯಲ್ಲಿ ಆಮ್ಲಜನಕದ ಅಯಾನು ಸಾಗಿಸುವ ಸೆರಾಮಿಕ್). ಎರಡು ಬದಿಯ ಆಮ್ಲಜನಕದ ಒತ್ತಡದ ವ್ಯತ್ಯಾಸವೇ ವೋಲ್ಟೇಜ್ ಆಗಿ ಬರ್ತದೆ. 1000 ಕೆಲ್ವಿನ್‌ನಲ್ಲಿ ಸುಮಾರು 270 ಮಿಲಿವೋಲ್ಟ್ ಬರಬೇಕು. ಹತ್ತಿರ ಬರ್ತದೆ, ಆದರೆ ನಿಲ್ಲುವುದಿಲ್ಲ, ನಿಧಾನಕ್ಕೆ ಇಳೀತಾ ಹೋಗ್ತದೆ. 5 ಮಿಲಿವೋಲ್ಟ್ ತಪ್ಪಿದರೂ ಲೆಕ್ಕದಲ್ಲಿ ಹತ್ತಿರಹತ್ತಿರ 1 ಕಿಲೋಜೂಲ್ ವ್ಯತ್ಯಾಸ, ಹಾಗಾಗಿ ಬಿಡುವ ಹಾಗಿಲ್ಲ.

ಪ್ಲಾಟಿನಂ ತಂತಿ ಬದಲಿಸಿದೆ. ಫರ್ನೇಸ್‌ಗೆ ಅರ್ಥಿಂಗ್ ಕೊಟ್ಟೆ. ಈ ಮಳೆಗಾಲದ ತೇವ ಬೇರೆ, ಆರ್ಗಾನನ್ನು ಒಣಗಿಸಿ ಬಿಸಿ ಟೈಟಾನಿಯಂ ಮೇಲಿಂದ ಹಾಯಿಸಿದೆ. ಸಣ್ಣ ಕರೆಂಟ್ ಕೊಟ್ಟು ನಿಲ್ಲಿಸಿದರೆ ರೀಡಿಂಗ್ ಮೊದಲಿನ ಜಾಗಕ್ಕೆ ವಾಪಸ್ ಬರ್ತದೆ, ಅದು ಒಳ್ಳೆ ಲಕ್ಷಣ, ಆದರೆ ಆರ್ಗಾನ್ ಹರಿವು ಬದಲಿಸಿದರೆ ರೀಡಿಂಗೂ ಬದಲಾಗ್ತದೆ. ಅಲ್ಲೇ ತಲೆ ಕೆಟ್ಟಿರುವುದು. ಎರಡೂ ಎಲೆಕ್ಟ್ರೋಡ್ ಒಂದೇ ಆರ್ಗಾನ್‌ನಲ್ಲಿವೆ. ತಾಮ್ರದ ಬದಿಯ ಆಮ್ಲಜನಕ ಗ್ಯಾಸ್ ಮೂಲಕವೇ ನಿಕಲ್ ಬದಿಗೆ ಹೋಗ್ತಾ ಇದೆಯಾ ಅಂತ ನನ್ನ ಅನುಮಾನ.

ಈ ಕೆಲಸ ಮಾಡಿದವರು ಯಾರಾದ್ರೂ ಇದ್ದರೆ ದಯವಿಟ್ಟು ಹೇಳಿ: ಬಿಲ್ಲೆ ಬಿಟ್ಟು ಒಂದು ತುದಿ ಮುಚ್ಚಿದ ಜಿರ್ಕೋನಿಯಾ ಟ್ಯೂಬ್ ಹಾಕಿ ಎರಡೂ ಬದಿಯ ಗ್ಯಾಸ್ ಬೇರೆ ಮಾಡಲೇಬೇಕಾ, ಅಥವಾ ಈಗಿನ ಸೆಟಪ್‌ನಲ್ಲೇ ಸರಿ ಮಾಡುವ ದಾರಿ ಉಂಟಾ?