'ಏನೂ ಬೇಡ' ಅನ್ನೋ ಅಕ್ಕನಿಗೆ ನಿಜವಾಗಿ ಏನು ಬೇಕು?

ಪ್ರಶ್ನೆ: ಮೇಡಂ, ನಮ್ಮ ಅಮ್ಮನಿಗೆ 76 ವರ್ಷ, ಅಲ್ಝೈಮರ್ ಇದೆ. ಶಿವಮೊಗ್ಗದಲ್ಲಿ ಅಕ್ಕ ನೋಡಿಕೊಳ್ಳುತ್ತಾಳೆ. ನಾನು ಪುಣೆಯಲ್ಲಿದ್ದೇನೆ, ತಿಂಗಳು ತಿಂಗಳು ದುಡ್ಡು ಕಳಿಸುತ್ತೇನೆ. 'ಏನಾದರೂ ಬೇಕಾ' ಅಂದರೆ 'ಏನೂ ಬೇಡ, ನಡೀತಿದೆ' ಅನ್ನುತ್ತಾಳೆ. ಮೊನ್ನೆ ಮಾತ್ರ ಫೋನಿನಲ್ಲಿ ಅತ್ತುಬಿಟ್ಟಳು. ವಿಡಿಯೊ ಕಾಲ್‌ನಲ್ಲಿ ಅಮ್ಮ ನನ್ನ ಜೊತೆ ಚೆನ್ನಾಗಿಯೇ ಮಾತಾಡುತ್ತಾರೆ. ಅಷ್ಟು ಕಷ್ಟ ಎಲ್ಲಿದೆ?

ಉತ್ತರ (ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ): ಮೊದಲು ಆ ವಿಡಿಯೊ ಕಾಲ್ ವಿಷಯ. ಮರೆವಿನ ಕಾಯಿಲೆ ಇರುವವರು ದೂರದವರ ಎದುರು ಹತ್ತು ನಿಮಿಷ ಚೆನ್ನಾಗಿಯೇ ನಿಭಾಯಿಸಿಬಿಡುತ್ತಾರೆ. 'ಊಟ ಆಯ್ತಾ ಮಗಾ' ಅನ್ನೋಕೆ ಹೊಸ ನೆನಪು ಬೇಕಿಲ್ಲ ಅಲ್ವಾ? ಕಾಲ್ ಕಟ್ಟಾದ ಮೇಲೆ 'ನನ್ನ ಬಳೆ ನೀನೇ ಕದ್ದಿದ್ದೀಯ' ಅನ್ನಿಸಿಕೊಳ್ಳೋದು ಅಕ್ಕ. ಆರೋಪ ಬರೋದು ಹೆಚ್ಚಾಗಿ ಹತ್ತಿರ ಇರುವವರ ಮೇಲೇ. 'ಅಮ್ಮ ನನ್ನ ಹತ್ತಿರ ಸರಿಯಾಗೇ ಇದ್ದಾರಲ್ಲ' ಅಂತ ನೀವು ಅಂದರೆ, ಅವಳು ಸುಳ್ಳು ಹೇಳುತ್ತಿದ್ದಾಳೆ ಅಂದ ಹಾಗೆ.

'ಏನಾದರೂ ಬೇಕಾ' ಅಂದರೆ ಯಾರೂ ಬಾಯಿ ಬಿಡಲ್ಲ. ಹೆತ್ತವಳನ್ನು ನೋಡಿಕೊಳ್ಳೋದು ಕಷ್ಟ ಅಂದರೆ ನಾಲ್ಕು ಜನ ಏನಂದಾರು ಅನ್ನೋ ಅಳುಕು. ನಾನಂತೂ ಬೇರೆ ಥರ ಕೇಳುತ್ತೇನೆ: ನಿನ್ನೆ ರಾತ್ರಿ ಎಷ್ಟು ಸಲ ಎದ್ದಿರಿ? ಆಗ ಎಲ್ಲ ಹೊರಗೆ ಬರುತ್ತದೆ. ಹನ್ನೊಂದಕ್ಕೆ ಬಾತ್‌ರೂಮ್. ಒಂದಕ್ಕೆ 'ನಮ್ಮನೆಗೆ ಹೋಗಬೇಕು' ಅಂತ ಬಟ್ಟೆಗಂಟು ಹಿಡಿದು ಬಾಗಿಲ ಹತ್ತಿರ. ಮೂರಕ್ಕೆ ಹಾಸಿಗೆ ಒದ್ದೆ. ನಿಮ್ಮ ಅಕ್ಕನನ್ನೂ ಹೀಗೇ ಕೇಳಿ. ಕೊನೇ ಸಲ ನಿನ್ನ ಬಿಪಿ ನೋಡಿಸಿದ್ದು ಯಾವಾಗ, ಯಾವುದಾದರೂ ಮದುವೆಗೆ ಹೋಗಿ ಎಷ್ಟು ದಿನ ಆಯ್ತು ಅಂತಲೂ ಕೇಳಿ.

ಇಂಥವರಿಗೆ ದುಡ್ಡಿಗಿಂತ ಜಾಸ್ತಿ ಬೇಕಾಗೋದು ತಮ್ಮದೇ ಆದ ಹೊತ್ತು. ಅದೂ ಮೊದಲೇ ಗೊತ್ತಿರಬೇಕು, ಆಗಲೇ ಅವರು ಆ ಹೊತ್ತಿಗೆ ತಮ್ಮದೇನಾದರೂ ಕೆಲಸ ಇಟ್ಟುಕೊಳ್ಳೋಕೆ ಆಗೋದು. ರಜೆ ಹಾಕಿ ಒಂದು ವಾರ ಬನ್ನಿ, ಅಕ್ಕನನ್ನು ಎಲ್ಲಿಗಾದರೂ ಕಳಿಸಿ. ಸ್ನಾನ, ಡೈಪರ್, ರಾತ್ರಿ ಎಲ್ಲ ನೀವೇ ನೋಡಿ. (ನೆಂಟರ ಹಾಗೆ ಬಂದು ಸಲಹೆ ಕೊಟ್ಟು ಹೋಗುವುದಾದರೆ ಬರಲೇಬೇಡಿ.) ಡಾಕ್ಟರ ಅಪಾಯಿಂಟ್‌ಮೆಂಟ್, ಮಾತ್ರೆ ತರಿಸೋದು, ವಿಮೆ ಕಾಗದ ಪುಣೆಯಿಂದಲೇ ಆಗುತ್ತದೆ. ಅದನ್ನು ಪೂರ್ತಿ ನಿಮ್ಮ ತಲೆ ಮೇಲೆ ಹಾಕಿಕೊಳ್ಳಿ.

ಇನ್ನೊಂದು. ಅಮ್ಮ ಒಂದೆರಡು ದಿನದಲ್ಲೇ ತೀರಾ ಗಲಿಬಿಲಿಗೊಂಡರೆ ಕಾಯಿಲೆ ಜಾಸ್ತಿಯಾಯ್ತು ಅಂತ ಸುಮ್ನಾಗಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಹೊಸ ಮಾತ್ರೆ ಏನಾದರೂ ಇರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ.

ಗುಂಪಿನ ಇನ್ನೊಬ್ಬ ಸದಸ್ಯೆ: ನಮ್ಮತ್ತೆಗೂ ಇದೇ ಕಾಯಿಲೆ. ಸಂಜೆ ಆದರೆ ಸಾಕು, ಒಂದೇ ಸಮ ಓಡಾಟ. ನೆಂಟರು ಮಾತ್ರ 'ವಯಸ್ಸಾದ ಮೇಲೆ ಅರಳುಮರುಳು ಇದ್ದದ್ದೇ' ಅಂತಾರೆ. ಒಂದು ಗಂಟೆ ಬಂದು ಕೂರಿ ಅಂದರೆ ಯಾರೂ ಇಲ್ಲ.

ಉತ್ತರ: ಸಂಜೆ ಹೊತ್ತಿನ ಚಡಪಡಿಕೆ ಈ ಕಾಯಿಲೆಯಲ್ಲಿ ತುಂಬಾ ಕಾಣಿಸುತ್ತದೆ. ಕತ್ತಲಾಗುವ ಮೊದಲೇ ಲೈಟ್ ಹಾಕಿ, ಟಿವಿ ಸದ್ದು ಇಳಿಸಿ, ಮಧ್ಯಾಹ್ನದ ನಿದ್ದೆ ಕಮ್ಮಿ ಮಾಡಿಸಿ ನೋಡಿ. ನೆಂಟರಿಗೆ 'ಬನ್ನಿ' ಅಂದರೆ ಸಾಲದು. 'ಶನಿವಾರ ನಾಲ್ಕರಿಂದ ಆರು' ಅಂತ ಗಂಟೆ ಹೇಳಿ ಕೇಳಿ. ಇಬ್ಬರು ಇಲ್ಲ ಅಂದರೂ ಮೂರನೆಯವರು ಒಪ್ಪಬಹುದು.

ಮೊದಲು ಕೇಳಿದವರು: ಹೋಮ್ ನರ್ಸ್ ಇಡೋಣ ಅಂದರೆ ಅಕ್ಕ ಬೇಡವೇ ಬೇಡ ಅಂತಾಳೆ.

ಉತ್ತರ: 'ನಿನ್ನ ಕೈಲಿ ಆಗ್ತಿಲ್ಲ' ಅಂದ ಹಾಗೆ ಕೇಳಿಸಿರುತ್ತದೆ ಸರ್. ಬೆಳಿಗ್ಗೆ ಸ್ನಾನದ ಹೊತ್ತಿಗೆ ಎರಡು ಗಂಟೆ ಮಾತ್ರ ಒಬ್ಬರು ಬರಲಿ, ಅಕ್ಕನೂ ಮನೆಯಲ್ಲೇ ಇರಲಿ. ಅಮ್ಮ ಒಗ್ಗಿಕೊಂಡ ಮೇಲೆ ಹೊತ್ತು ಹೆಚ್ಚಿಸಿ. ಹುಡುಕೋದು, ಸಂಬಳ, ರಜೆ ಲೆಕ್ಕ ನಿಮ್ಮದು. ಅಕ್ಕನಿಗೆ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಹಿರಿಯರ ಆರೈಕೆ, ಪಿಂಚಣಿ ವಿಷಯಕ್ಕೆ ಹಿರಿಯರ ಸಹಾಯವಾಣಿ ಎಲ್ಡರ್‌ಲೈನ್ 14567.