ವಾರಸುದಾರರಿದ್ದೂ ಪಾಳುಬಿದ್ದ ಮನೆ: ನೆರೆಯವರು ಏನು ಮಾಡಬಹುದು?

ಹಳೇಪೇಟೆ ನಿವಾಸಿ (ಪ್ರಶ್ನೆ):
ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಹಳೆಯ ಬೀದಿ ನಮ್ಮದು. ಸಾಲುಮನೆಗಳಾದ್ದರಿಂದ ನಮಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಮಣ್ಣಿನ ಗೋಡೆ. ಆ ಮನೆಯ ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಬೆಂಗಳೂರು, ಪುಣೆ ಎಂದು ಚದುರಿದರು, ಬೀಗ ತೆಗೆಯುವವರಿಲ್ಲ. ಮಾಡಿನ ಹಂಚು ಜಾರಿ ಮಳೆನೀರು ನೇರವಾಗಿ ಗೋಡೆಯ ನೆತ್ತಿಗೆ ಇಳಿಯುತ್ತಿರುವುದರಿಂದ ನಮ್ಮ ಕಡೆಯ ಗಾರೆಯೂ ಉದುರುತ್ತಿದೆ. ಹಿತ್ತಿಲಿನ ಒರಳಿನಲ್ಲಿ ಸೊಳ್ಳೆಮರಿಗಳು ಬರಿಗಣ್ಣಿಗೇ ಕಾಣುತ್ತವೆ. ಜಗಲಿಯ ಮೇಲೆ ಯಾರೋ ಮೊದಲು ಒಂದು ಕಸದ ಚೀಲ ಇಟ್ಟರು, ಈಗ ಅದು ಇಡೀ ಬೀದಿಯ ತಿಪ್ಪೆ. ಬಾಡಿಗೆಗೆ ಮನೆ ನೋಡಲು ಬಂದವರು ಇದನ್ನು ಕಂಡೇ ಹಿಂದೆ ಸರಿಯುತ್ತಾರೆ. ಮಾಲೀಕರೊಂದಿಗೆ ಹಗೆ ಕಟ್ಟಿಕೊಳ್ಳದೆ ಇದಕ್ಕೆ ದಾರಿ ಇದೆಯೇ?

ಮಲೆನಾಡಿಗ:
ಒರಳಿನ ವಿಚಾರ ತಡಮಾಡುವಂಥದ್ದಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ಬೆಳೆಯಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಅದರ ಮೊಟ್ಟೆಗಳು ಒಣಗಿದ ಪಾತ್ರೆಯ ಅಂಚಿನಲ್ಲೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದ್ದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಒರಳನ್ನು ಉಜ್ಜಿ ಮಗುಚಿ ಹಾಕಬೇಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಜಾಗಗಳಿಗೆ ದಂಡವನ್ನೂ ಗೊತ್ತುಪಡಿಸಿತು. ಪಾಳು ಜಾಗ, ಖಾಲಿ ನಿವೇಶನಗಳೂ ಅದರ ವ್ಯಾಪ್ತಿಯಲ್ಲಿವೆ. ಪುರಸಭೆಗೆ ಫೋಟೋ ಸಹಿತ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಕೋರ್ಟು ಕಂಡವನು:
ಬೀಳುವಂತಿರುವ ಗೋಡೆಯ ಬಗ್ಗೆ ತಹಶೀಲ್ದಾರರ ಅಥವಾ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಲ್ಲಿದ್ದ, ಈಗ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿರುವ ಅಧಿಕಾರ ಅದು. ಆದೇಶದಂತೆ ಮಾಲೀಕರು ದುರಸ್ತಿ ಮಾಡಿಸಬೇಕು, ಕೆಡವಬೇಕು ಇಲ್ಲವೇ ಬಂದು ಕಾರಣ ಹೇಳಬೇಕು. ಆದರೆ ನನ್ನ ಅನುಭವದಲ್ಲಿ ಇಂಥ ಮನೆಗಳು ಹಾಳಾಗುವುದು ಉದಾಸೀನಕ್ಕಿಂತ ಹೆಚ್ಚಾಗಿ ಪಾಲುಪಟ್ಟಿ ಆಗದೆ ಉಳಿದದ್ದರಿಂದ. ಒಬ್ಬ ಹಂಚು ಹೊದಿಸಿದರೆ ಹಕ್ಕು ಸಾಧಿಸಲು ಬಂದನೆಂದು ಉಳಿದವರಿಗೆ ಅನುಮಾನ, ಹಾಗಾಗಿ ಎಲ್ಲರೂ ಕೈಕಟ್ಟಿ ಕೂರುತ್ತಾರೆ. (ಹೆಣ್ಣುಮಕ್ಕಳ ಪಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮಾತುಕತೆ ಮುರಿದುಬೀಳುವುದೂ ಉಂಟು.) ಹಂಚಲು ಬಾರದಷ್ಟು ಚಿಕ್ಕ ಮನೆಯಾದರೆ ಮಾರಿ ಹಣ ಹಂಚಲು ನ್ಯಾಯಾಲಯಕ್ಕೆ 1893ರ ವಿಭಾಗ ಕಾಯ್ದೆಯಲ್ಲಿ ಅವಕಾಶವಿದೆ, ಆದರೆ ಅದನ್ನು ಕೇಳಬೇಕಾದವರು ಪಾಲುದಾರರೇ ಹೊರತು ನೀವಲ್ಲ.

ಹಳೇಪೇಟೆ ನಿವಾಸಿ:
ಒಬ್ಬ ಮಗ ಫೋನಿಗೆ ಸಿಗುತ್ತಾರೆ. ಯಾರನ್ನಾದರೂ ಒಳಗೆ ಬಿಟ್ಟರೆ ಹನ್ನೆರಡು ವರ್ಷಕ್ಕೆ ಮನೆ ಅವರದೇ ಆಗಿಬಿಡುತ್ತದೆ ಎಂಬ ಹೆದರಿಕೆ ಅವರಿಗೆ.

ಕೋರ್ಟು ಕಂಡವನು:
ಅನುಮತಿ ಪಡೆದು ಇದ್ದವನ ಸ್ವಾಧೀನ ಎಷ್ಟು ವರ್ಷವಾದರೂ ತಾನಾಗಿ ಪ್ರತಿಕೂಲ ಸ್ವಾಧೀನ (ಮಾಲೀಕರ ಒಪ್ಪಿಗೆಯಿಲ್ಲದೆ ವರ್ಷಗಟ್ಟಲೆ ಹಿಡಿದಿಟ್ಟು ಹಕ್ಕು ಸಾಧಿಸುವುದು) ಆಗದು. ಹಂಚು ಕೈಯಾಡಿಸಲು ಮತ್ತು ಹಿತ್ತಿಲು ಸ್ವಚ್ಛ ಮಾಡಲು ಮಾತ್ರ ಒಪ್ಪಿಗೆ, ಯಾವ ಹಕ್ಕೂ ಹುಟ್ಟುವುದಿಲ್ಲ ಎಂದು ಪತ್ರ ಬರೆಸಿ, ಸಿಗುವಷ್ಟು ಪಾಲುದಾರರ ಸಹಿ ಹಾಕಿಸಿ. ಖರ್ಚಿನ ರಸೀದಿಗಳನ್ನು ಆ ಮಗನ ಹೆಸರಿಗೇ ಮಾಡಿಸಿದರೆ ಮುಂದೆ ಪಾಲಿನ ವೇಳೆ ಅವರು ಅದನ್ನು ಲೆಕ್ಕಕ್ಕೆ ತರಬಹುದು. ಮಳೆ ಹಿಡಿಯುವುದರೊಳಗೆ ಗೋಡೆಯ ನೆತ್ತಿಗಾದರೂ ತಗಡು ಹೊದಿಸಿ.