ಇನ್‌ಡಿಸೈನ್ ಫೈಲಲ್ಲಿ ಕಣ್ಣಿಗೆ ಬೀಳದ ಕ್ಯಾಲಿಬ್ರಿ, ಹುಡುಕೋದು ಹೆಂಗೆ?

ಮಂಡ್ಯ ಡಿಟಿಪಿ:
ಎಲ್ರಿಗೂ ನಮಸ್ಕಾರ. ಒಂದು ಸ್ಕೂಲಿನ ಸುವರ್ಣ ಮಹೋತ್ಸವಕ್ಕೆ ಪುಟ ಜೋಡ್ಸೋ ಸಾಫ್ಟ್‌ವೇರ್ ಇನ್‌ಡಿಸೈನಲ್ಲಿ ಸ್ಮರಣ ಸಂಚಿಕೆ ಮಾಡ್ತಿದೀನಿ, 144 ಪೇಜು. ಹಳೇ ಮೇಷ್ಟ್ರುಗಳು ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಕೊಟ್ಟವ್ರೆ, ಹಳೇ ಸ್ಟೂಡೆಂಟ್ಸು ವಾಟ್ಸಾಪಲ್ಲಿ ಯೂನಿಕೋಡ್ ಕಳ್ಸವ್ರೆ, ಎಲ್ಲಾನೂ ಕನ್ವರ್ಟ್ ಮಾಡಿ ವರ್ಡಿಂದ ಪ್ಲೇಸ್ ಮಾಡಿ (ಇನ್‌ಡಿಸೈನ್ ಒಳಗೆ ತಂದು) ನೋಟೋ ಸೆರಿಫ್ ಕನ್ನಡ ಫಾಂಟಿಗೆ ತಂದಾಯ್ತು ಅನ್ಕೊಂಡಿದ್ದೆ. ಮೈಸೂರಿನ ಪ್ರೆಸ್ಸಿಗೆ ಫೈಲ್ ಕಳ್ಸಿದ್ರೆ ಫಾಂಟ್ ಮಿಸ್ಸಿಂಗ್ ಅಂತ ವಾಪಸ್ ಬಂತು. ಲಿಸ್ಟಲ್ಲಿ ಕ್ಯಾಲಿಬ್ರಿನೂ ನುಡಿ 01 ಇ ನೂ ತೋರ್ಸ್ತಿದೆ, ಪೇಜ್ ಪೇಜೂ ನೋಡಿದೆ, ಒಂದಕ್ಷರಾನೂ ಸಿಗ್ತಿಲ್ಲ. ಭಾನುವಾರ ಬಿಡುಗಡೆ, ದಯವಿಟ್ಟು ಹೇಳಿ.

ಪುಟವಿನ್ಯಾಸ ಮೈಸೂರು:
ಸರ್, ಕಣ್ಣಲ್ಲಿ ಹುಡುಕಿದ್ರೆ ಸಿಗಲ್ಲ ಅದು, ಮುಕ್ಕಾಲು ಪಾಲು ಖಾಲಿ ಸಾಲಲ್ಲೇ ಕೂತಿರುತ್ತೆ. ಟೈಪ್ ಮೆನುಲಿ ಫೈಂಡ್ ಫಾಂಟ್ ತೆಗೀರಿ (ಹೊಸ ವರ್ಶನ್ನಲ್ಲಿ ಫೈಂಡ್ ರಿಪ್ಲೇಸ್ ಫಾಂಟ್ ಅಂತಿದೆ), ಕ್ಯಾಲಿಬ್ರಿ ಮೇಲೆ ಕ್ಲಿಕ್ ಮಾಡಿ ಮೋರ್ ಇನ್ಫೋ ಒತ್ತಿ, ಎಷ್ಟು ಅಕ್ಷರ, ಯಾವ ಪೇಜು ಅಂತ ಅಲ್ಲೇ ಬರುತ್ತೆ. ಫೈಂಡ್ ಫಸ್ಟ್ ಒತ್ತಿದ್ರೆ ಸೀದಾ ಆ ಜಾಗಕ್ಕೆ ಕರ್ಕೊಂಡೋಗುತ್ತೆ. ಅದಕ್ಕೂ ಮುಂಚೆ ಕಂಟ್ರೋಲ್ ಆಲ್ಟ್ ಐ ಒತ್ತಿ ಹಿಡನ್ ಕ್ಯಾರೆಕ್ಟರ್ ಆನ್ ಮಾಡ್ಕಳಿ, ಇಲ್ದಿದ್ರೆ ಅಲ್ಲಿಗೆ ಹೋದ್ರೂ ಬರೀ ಬಿಳಿ ಜಾಗ ಕಾಣುತ್ತೆ ಅಷ್ಟೆ. ಚೇಂಜ್ ಆಲ್ ಕೊಡುವಾಗ ಕೆಳಗಿರೋ ರೀಡಿಫೈನ್ ಸ್ಟೈಲ್ ಟಿಕ್ ಹಾಕಿ, ಯಾಕಂದ್ರೆ ವರ್ಡಿಂದ ಬಂದ ಸ್ಟೈಲಲ್ಲೇ ಕ್ಯಾಲಿಬ್ರಿ ಇದ್ರೆ ಇವತ್ತು ತೆಗುದ್ರೂ ನಾಳೆ ಅದೇ ಸ್ಟೈಲ್ ಹಾಕ್ದಾಗ ಮತ್ತೆ ಬರುತ್ತೆ.

ಹಳೇ ಪೇಜ್‌ಮೇಕರ್:
ಮೇಲಿನೋರು ಹೇಳಿದ್ದು ಕ್ಯಾಲಿಬ್ರಿಗೆ ಸರಿ, ನುಡಿಗೆ ಮಾತ್ರ ಕಣ್ಣುಮುಚ್ಕೊಂಡು ಚೇಂಜ್ ಆಲ್ ಕೊಡ್ಬೇಡಿ ತಮ್ಮ! ನುಡಿ 01 ಇ ಆಸ್ಕಿ ಫಾಂಟು, ಒಳಗಿರೋದೆಲ್ಲ ಇಂಗ್ಲಿಷ್ ಕೋಡು, ಮೇಲೆ ಕನ್ನಡದ ಚಿತ್ರ. ಫಾಂಟ್ ಬದಲಾಯ್ಸಿದ್ರೆ ಕನ್ನಡ ಅನ್ನೋ ಪದಾನೇ ಪಿ, ತಲೆ ಮೇಲೆ ಗೀಟಿರೋ ಎ, ಪೌಂಡ್ ಗುರುತು ಹಿಂಗೆ ಒಡ್ದೋಗುತ್ತೆ. ಮೊದ್ಲು ಆ ಪಠ್ಯಾನ ಯೂನಿಕೋಡಿಗೆ ಕನ್ವರ್ಟ್ ಮಾಡಿ, ಆಮೇಲೆ ಫಾಂಟು. ಬರೀ ಸ್ಪೇಸು, ಖಾಲಿ ಸಾಲು ಆದ್ರೆ ತೊಂದ್ರೆ ಇಲ್ಲ. ಇನ್ನೊಂದು, ಫ್ರೇಮಿನ ಮೂಲೇಲಿ ಕೆಂಪು ಪ್ಲಸ್ ಇದೆಯಾ ನೋಡಿ, ಹೊರಗೆ ಉಳ್ಕೊಂಡಿರೋ ಪಠ್ಯ ಪೇಜಲ್ಲಿ ಕಾಣಲ್ಲ, ಆದ್ರೆ ಲಿಸ್ಟಲ್ಲಿ ಲೆಕ್ಕಕ್ಕಿರುತ್ತೆ. ಕಂಟ್ರೋಲ್ ವೈ ಒತ್ತಿ ಸ್ಟೋರಿ ಎಡಿಟರಲ್ಲಿ ಓದಿ. ಜಾಹೀರಾತಿನ ಪಿಡಿಎಫ್ ಒಳಗಿನ ಫಾಂಟೂ ಅದೇ ಲಿಸ್ಟಲ್ಲಿ ಬರುತ್ತೆ, ಅದನ್ನ ಇಲ್ಲಿಂದ ಬದಲಾಯ್ಸಕ್ಕಾಗಲ್ಲ, ಕೋರೆಲ್ ಡ್ರಾ ಸಾಫ್ಟ್‌ವೇರಲ್ಲಿ ಜಾಹೀರಾತು ಮಾಡ್ದೋರ್ಗೆ ಅಕ್ಷರಾನೆಲ್ಲ ಕರ್ವ್ (ಚಿತ್ರದ ಗೆರೆ) ಮಾಡಿ ಕಳ್ಸಿ ಅನ್ನಿ.

ಮಂಡ್ಯ ಡಿಟಿಪಿ:
ಇಬ್ರಿಗೂ ತುಂಬಾ ಥ್ಯಾಂಕ್ಸ್, ಸಿಕ್ತು. ಕ್ಯಾಲಿಬ್ರಿ ಇದ್ದಿದ್ದು ಕವನಗಳ ಚರಣದ ಮಧ್ಯದ ಖಾಲಿ ಸಾಲಲ್ಲಿ, ಮತ್ತೆ ದಾನಿಗಳ ಟೇಬಲ್ಲಿನ ಖಾಲಿ ಮನೆಗಳಲ್ಲಿ, ಚೇಂಜ್ ಆಲ್ ಕೊಟ್ಟೆ, ಹೋಯ್ತು. ನುಡಿ ಸಿಕ್ಕಿದ್ದು 61ನೇ ಪೇಜಲ್ಲಿ ಸಾರ್, ಕೆಂಪು ಪ್ಲಸ್ ಅಲ್ಲೇ ಇತ್ತು, ನಾನು ಗಮನ್ಸಿರ್ಲಿಲ್ಲ. ನಮ್ ಗಣಿತದ ಮೇಷ್ಟ್ರು ಆಮೇಲೆ ಸೇರ್ಸಪ್ಪ ಅಂತ ಕಳ್ಸಿದ್ದ ಎರಡು ಸಾಲು, ಅವಸರದಲ್ಲಿ ಕನ್ವರ್ಟ್ ಮಾಡ್ದೆ ಪೇಸ್ಟ್ ಮಾಡಿದ್ದೆ, ಅದು ಫ್ರೇಮಿಂದಾಚೆ ಉಳ್ದಿತ್ತು. ತಮ್ ಜೊತೆ ಪಾಠ ಮಾಡಿ ತೀರ್ಕೊಂಡ ಇನ್ನೊಬ್ರು ಮೇಷ್ಟ್ರನ್ನ ನೆನ್ಸ್ಕೊಂಡಿರೋ ಸಾಲು ಅದು. ಹೇಳ್ದಿದ್ರೆ ಅದಿಲ್ದೇನೆ ಪ್ರಿಂಟಾಗ್ತಿತ್ತು. ಕನ್ವರ್ಟ್ ಮಾಡಿ ಹಾಕಿದೀನಿ, ಫೋಟೋ ಸ್ವಲ್ಪ ಚಿಕ್ಕದು ಮಾಡಿ ಜಾಗ ಬಿಟ್ಟಿದೀನಿ, ಈಗ ಪ್ರಿಫ್ಲೈಟಲ್ಲಿ (ಪ್ರಿಂಟಿಗೆ ಮುಂಚೆ ತಪ್ಪು ನೋಡೋ ತಪಾಸಣೆ) ಹಸಿರು ಚುಕ್ಕೆ ಬಂದಿದೆ.